ಪದ್ಮಾಕರ ಮಾಸ್ತರರ ಸ್ವಂತ ಲೆಕ್ಕ

ನನ್ನ ನಾದಿನಿ ರತ್ನಮಾಲಾಳಿಗೆ ಖಾನಾಪುರದ ಸಂಬಂಧ ಬಂದಾಗ ಜಾತಕದ ಜೊತೆಗೆ ಒಂದು ಭೂಮಿತಿಯ ಲೆಕ್ಕವೂ ಬಂತು. ಜಾತಕ ತಂದವರು ಮಧ್ಯಸ್ಥ ರಾಯಪ್ಪಣ್ಣ. ಲೆಕ್ಕ ತಂದವರು ನನ್ನ ಅತ್ತೆ. ಅದೇ ವರನ ಕಡೆಯವರು ಮೊದಲು ನೋಡಿಹೋಗಿದ್ದ ಶಹಾಪುರದ ರಾಜಮತಿ ಎಂಬ ಹುಡುಗಿಯ ತಾಯಿಯಿಂದ ಬಸದಿಯಲ್ಲಿ ಅದನ್ನು ಕೇಳಿಸಿಕೊಂಡು, ಮರೆತುಹೋದೀತೆಂದು ದಾರಿಯುದ್ದಕ್ಕೂ ಗುಣುಗುಣಿಸುತ್ತ ಅನಗೋಳದವರೆಗೆ ನಡೆದು ಬಂದಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕರೆದರು.

"ಲಗೂನ ಬರಕೋವಾ. ಮೂರು ಮೂಲಿದು ಒಂದು ಆಕೃತಿ. ಮ್ಯಾಲಿನ ಮೂಲಿ ನಡು ಸೀಳಿ ಒಂದು ಗೆರಿ. ತಳದ ಗೆರಿ ನಡುವಿನಿಂದ ನೆಟ್ಟಗ ಒಂದು ಗೆರಿ. ಎರಡೂ ಹೋಗಿ ಒಂದು ಕಡೆ ಕೂಡತಾವಂತ. ಹಂಗಾದ್ರ ಎಡಗಡಿ ಬಾಜು, ಬಲಗಡಿ ಬಾಜು ಎರಡೂ ಸಮ ಅಂತ ತೋರಸಬೇಕಂತ. ಬರಕೊಂಡೇನು?"

ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡೆ. ಅತ್ತೆ ಉಸಿರು ಬಿಟ್ಟು ಕುಳಿತರು. "ಬಿ.ಎಸ್ಸಿ. ಕಲ್ತದ್ದು ಒಂದು ದಿನರ ಮನಿ ಉಪಯೋಗಕ್ಕ ಬರಲಿ" ಎಂದರು. ನಾನು ಧಾರವಾಡದಲ್ಲಿ ಗಣಿತ ತೆಗೆದುಕೊಂಡು ಪದವಿ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದು ಆಗಲೇ ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ನನ್ನ ಗಣಿತ ಉಪಯೋಗಕ್ಕೆ ಬಂದದ್ದು ಹಾಲಿನವನ ಜೊತೆಗಿನ ವಾದದಲ್ಲಿ ಮಾತ್ರ.

ವರ ಭರಮಣ್ಣ, ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ. ತಂದೆಯಿಲ್ಲದ ಅವನನ್ನು ಬೆಳೆಸಿದವರು ದೊಡ್ಡಪ್ಪ ಪದ್ಮಾಕರ ಮಾಸ್ತರರು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಹೆಣ್ಣು ನೋಡಲು ಹೋದಲ್ಲಿ ಅವರು ಹಾಡು ಹೇಳಿಸುವುದಿಲ್ಲ, ಸೂಜಿಗೆ ದಾರ ಪೋಣಿಸಲು ಕೊಡುವುದಿಲ್ಲ, ನಡೆದು ತೋರಿಸು ಎನ್ನುವುದಿಲ್ಲ. ಒಂದು ಲೆಕ್ಕ ಕೊಡುತ್ತಾರೆ. ಹಾಡನ್ನು ಯಾರಾದರೂ ಕಲಿಸಿ ಕಳಿಸಬಹುದು. ಲೆಕ್ಕ ಬಿಡಿಸುವಾಗ ಮಾತ್ರ ಹುಡುಗಿಯ ಬುದ್ಧಿ ಹೆಜ್ಜೆ ಹೆಜ್ಜೆಗೂ ಕಾರಣ ಸಹಿತ ಕಾಣುತ್ತದೆ ಎಂದು ಅವರ ಅಭಿಪ್ರಾಯ. ಹೆಣ್ಣಿನ ಬಣ್ಣ ಕೇಳದೆ ಬುದ್ಧಿ ಕೇಳುವ ಈ ಪದ್ಧತಿಯನ್ನು ನಮ್ಮವರೆಲ್ಲ ದೊಡ್ಡ ಸುಧಾರಣೆ ಎಂದು ಕೊಂಡಾಡುತ್ತಿದ್ದರು.

ಲೆಕ್ಕ ಯಾವ ಪುಸ್ತಕದ್ದೂ ಅಲ್ಲ, ಮಾಸ್ತರರು ತಾವೇ ಕಟ್ಟಿದ್ದು. ಆದ್ದರಿಂದ ಯಾವ ಗೈಡಿನಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಆದರೆ ಅವರು ಎಲ್ಲ ಹುಡುಗಿಯರಿಗೂ ಅದೊಂದೇ ಲೆಕ್ಕ ಕೊಡುತ್ತಿದ್ದರು. ನಪಾಸಾದ ಹುಡುಗಿಯ ಮನೆಯವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಧೈರ್ಯವಿದ್ದಿರಬೇಕು. ಬಸದಿಗೆ ಬರುವ ಹೆಂಗಸರ ವಿಷಯ ಅವರಿಗೆ ಗೊತ್ತಿರಲಿಲ್ಲ.

ರಾಜಮತಿ ಏಕೆ ನಪಾಸಾದಳು ಎಂದು ನಾನು ಕೇಳಿದೆ.

"ಬಹಳ ಹೊತ್ತು ನೋಡಿ, 'ಇದು ಆಗಂಗಿಲ್ರಿ' ಅಂದಳಂತ" ಎಂದರು ಅತ್ತೆ. "ಆಗಂಗಿಲ್ಲ ಅನ್ನೂ ಹುಡುಗಿ ಸಂಸಾರಕ್ಕ ಆಗಂಗಿಲ್ಲ ಅಂತ ಮಾಸ್ತರು ಎದ್ದ ಹೊಂಟ್ರಂತ. ಫಳಾರನೂ ಮುಟ್ಟಲಿಲ್ಲಂತ."

ರತ್ನಮಾಲಾ ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳಿಗೆ ಇಪ್ಪತ್ಮೂರು ತುಂಬಿತ್ತು. ಮೊದಲು ನೋಡಿಹೋದವರು ಎತ್ತರ ಸಾಲದೆಂದಿದ್ದರು, ಆಮೇಲೆ ಬಂದವರು ಏನೂ ಹೇಳದೆ ಸುಮ್ಮನಾಗಿದ್ದರು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ಸರಿಯಾಗಿ ಮೂವತ್ತೈದು ಗುಣ ಬಿದ್ದಿದ್ದವು; ಅವನ್ನೂ ಯಾರೋ ದಯೆಯಿಂದ ಕೊಟ್ಟಿರಬೇಕೆಂದು ಅವಳೇ ನಗುತ್ತಿದ್ದಳು. ಈ ಸಲ ಅವಳು ನಗಲಿಲ್ಲ. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಜಾತಕ ಕೊಡಲು ರಾಯಪ್ಪಣ್ಣನ ಜೊತೆ ಭರಮಣ್ಣನೂ ಬಂದಿದ್ದ. ಆಗ ಇವಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ರಾಯಪ್ಪಣ್ಣ ಅದನ್ನು ತುಳಿದುಕೊಂಡೇ ಒಳಗೆ ಬಂದರು. ಭರಮಣ್ಣ ಚಪ್ಪಲಿ ಕೈಯಲ್ಲಿ ಹಿಡಿದು, ಗಟಾರದ ಅಂಚಿನ ಮೇಲೆ ಕಾಲಿಟ್ಟು, ಸುತ್ತು ಹಾಕಿ ಬಂದ. ನಾನು ಕಿಟಕಿಯಲ್ಲಿದ್ದೆ. ಅವಳು ತಲೆ ಎತ್ತಿ ಅವನ ಕಾಲುಗಳನ್ನಷ್ಟೇ ನೋಡಿದ್ದಳು.

"ವೈನಿ, ಈ ಲೆಕ್ಕ ನನಗ ಹೆಂಗರ ಮಾಡಿ ಕಲಸ್ರಿ" ಎಂದಳು. "ಇದು ತಪ್ಪಿದ್ರ ನನ್ನ ಮತ್ತ ಯಾರ ಮುಂದೂ ಕುಂಡ್ರಸಬ್ಯಾಡ್ರಿ."

ನಾನು ಮಧ್ಯಾಹ್ನ ಅಡಿಗೆ ಮನೆಯ ನೆಲದ ಮೇಲೆ ಲೆಕ್ಕ ಬಿಡಿಸಲು ಕುಳಿತೆ. ಒಂದು ತ್ರಿಕೋನ ಬಿಡಿಸಿದೆ. ಮೇಲೆ ಅ, ಕೆಳಗೆ ಬ ಮತ್ತು ಕ. ಅ ಕೋನವನ್ನು ಎರಡಾಗಿ ಸೀಳುವ ರೇಖೆ ಎಳೆದೆ. ಬಕ ಬಾಹುವಿನ ನಟ್ಟನಡುವಿನಿಂದ ಲಂಬ ಎಳೆದೆ. ಅವೆರಡೂ ತ್ರಿಕೋನದ ಒಳಗೆ ಒಂದೆಡೆ ಕೂಡಿದವು. ಆ ಬಿಂದುವಿಗೆ ಮ ಎಂದು ಹೆಸರಿಟ್ಟೆ. ಮ ದಿಂದ ಎಡ ಬಾಹುವಿಗೊಂದು, ಬಲ ಬಾಹುವಿಗೊಂದು ಲಂಬ ಇಳಿಸಿದೆ. ಲಂಬದ ಬುಡಗಳು ಪ ಮತ್ತು ನ.

ಮುಂದಿನದೆಲ್ಲ ನೀರು ಇಳಿದ ಹಾಗೆ ಇಳಿಯಿತು. ಮೇಲಿನ ಎರಡು ಸಣ್ಣ ತ್ರಿಕೋನಗಳು ಸರ್ವಸಮ, ಏಕೆಂದರೆ ಅ ದಲ್ಲಿ ಕೋನಗಳು ಸಮ, ಲಂಬಗಳಿವೆ, ಅಮ ಎರಡಕ್ಕೂ ಒಂದೇ. ಆದ್ದರಿಂದ ಅಪ ಮತ್ತು ಅನ ಸಮ, ಮಪ ಮತ್ತು ಮನ ಸಮ. ಮ ಬಿಂದು ತಳದ ನಡುಲಂಬದ ಮೇಲಿರುವುದರಿಂದ ಬ ದಿಂದಲೂ ಕ ದಿಂದಲೂ ಅದಕ್ಕೆ ಒಂದೇ ದೂರ. ಆದ್ದರಿಂದ ಕೆಳಗಿನ ಎರಡು ತ್ರಿಕೋನಗಳೂ ಸರ್ವಸಮ, ಪಬ ಮತ್ತು ನಕ ಸಮ. ಕೊನೆಗೆ ಅಪ ಕ್ಕೆ ಪಬ ಕೂಡಿಸಿದರೆ ಎಡ ಬಾಹು, ಅನ ಕ್ಕೆ ನಕ ಕೂಡಿಸಿದರೆ ಬಲ ಬಾಹು. ಎರಡೂ ಸಮ. ಸಾಧಿಸಬೇಕಾದದ್ದು ಇದೇ.

ಒಂದು ಹೆಜ್ಜೆಯೂ ಎಡವದೆ ಬಂದದ್ದು ನೋಡಿ ನನಗೆ ಹೆದರಿಕೆಯಾಯಿತು. ಯಾವುದೂ ಅಷ್ಟು ಸಲೀಸಾಗಿ ಆದರೆ ನನಗೆ ಅನುಮಾನ ಬರುವುದು ಹುಟ್ಟುಗುಣ. ಮೇಲಿನಿಂದ ಮತ್ತೆ ಓದಿದೆ. ದತ್ತ ಎಂದು ಬರೆದ ಸಾಲಿನಲ್ಲಿ ಏನಿತ್ತು? ಒಂದು ತ್ರಿಕೋನ ಇತ್ತು, ಅಷ್ಟೆ. ಕೋನವನ್ನು ಸೀಳುವ ರೇಖೆ ಯಾವ ತ್ರಿಕೋನಕ್ಕಾದರೂ ಇರುತ್ತದೆ, ತಳದ ನಡುವಿನ ಲಂಬವೂ ಇರುತ್ತದೆ. ಹಾಗಿದ್ದರೆ ಜಗತ್ತಿನ ಯಾವ ತ್ರಿಕೋನ ತಂದಿಟ್ಟರೂ ಅದರ ಎರಡು ಬಾಹುಗಳು ಸಮವಾಗಬೇಕು. ನಮ್ಮ ಹಿತ್ತಲಿನ ಮೂರು ಮೂಲೆಯ ಜಾಗವೂ ಸಮ, ಎದುರು ಮನೆಯವರ ಹರಿದ ಛತ್ರಿಯ ತುಂಡೂ ಸಮ.

ಗಂಡನ ಹಳೆಯ ಕಂಪಾಸು ಪೆಟ್ಟಿಗೆ ಹುಡುಕಿ ತಂದು ಅಳತೆಗೆ ಸರಿಯಾಗಿ ಬಿಡಿಸಿದೆ. ಮ ಬಿಂದು ಒಳಗೆ ಬೀಳಲಿಲ್ಲ. ತಳದ ಗೆರೆ ದಾಟಿ ಕೆಳಗೆ, ತ್ರಿಕೋನದ ಹೊರಗೆ ಬಿತ್ತು. ಬೇರೆ ತ್ರಿಕೋನ ಬಿಡಿಸಿದೆ, ಅಲ್ಲಿಯೂ ಹೊರಗೇ. ಅಲ್ಲಿಂದ ಇಳಿಸಿದ ಲಂಬಗಳಲ್ಲಿ ಒಂದು ಬಾಹುವಿನ ಮೇಲೆ ಬಿದ್ದರೆ ಇನ್ನೊಂದು ಬಾಹುವಿನ ತುದಿ ದಾಟಿ ಆಚೆಗೆ ಬೀಳುತ್ತಿತ್ತು. ಅಂದರೆ ಕೊನೆಯ ಹೆಜ್ಜೆಯಲ್ಲಿ ಒಂದು ಕಡೆ ಕೂಡಿಸಬೇಕು, ಇನ್ನೊಂದು ಕಡೆ ಕಳೆಯಬೇಕು. ಉಳಿದ ಹೆಜ್ಜೆಗಳೆಲ್ಲ ಪ್ರಾಮಾಣಿಕವಾಗಿದ್ದವು. ಕೈಯಿಂದ ಸುಮಾರಾಗಿ ಗೀಚಿದ ಆಕೃತಿಯೊಂದೇ ಸುಳ್ಳು ಹೇಳುತ್ತಿತ್ತು. ಸಾಧನೆಯ ಲೆಕ್ಕಕ್ಕೆ ಕಚ್ಚಾ ಆಕೃತಿ ಸಾಕು, ಕಂಪಾಸು ಬೇಡ ಎಂದು ನಮಗೆಲ್ಲ ಶಾಲೆಯಲ್ಲಿ ಕಲಿಸಿದ್ದರಲ್ಲ. ಮಾಸ್ತರರು ಹಾಗೆ ಕಲಿಸುತ್ತ ಕಲಿಸುತ್ತ ತಾವೂ ಅದನ್ನು ನಂಬಿದ್ದರು.

ರಾಜಮತಿ ಕೊಟ್ಟ ಉತ್ತರ ಸರಿಯಾಗಿತ್ತು ಎಂಬುದು ಆಮೇಲೆ ನನಗೆ ಹೊಳೆಯಿತು.

ಸಂಜೆ ಖಡೇ ಬಜಾರದ ಬಟ್ಟೆ ಅಂಗಡಿಯಿಂದ ನನ್ನ ಗಂಡ ಪಾರೀಸ ಬಂದು ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದೆ. "ಆ ಲೆಕ್ಕ ತಪ್ಪೈತ್ರಿ."

"ಯಾರು ಹೇಳಿದ್ರು?"

"ಕಂಪಾಸು."

"ಕಂಪಾಸಿಗೆ ತಂಗಿ ಅದಾಳೇನು ಮದವಿ ಮಾಡಾಕ?" ಅವರು ರೊಟ್ಟಿ ಮುರಿಯುತ್ತ ಕೇಳಿದರು. "ಉತ್ತರ ಬರತೈತೋ ಇಲ್ಲೋ, ಅಷ್ಟ ಹೇಳು."

"ಬರತೈತ್ರಿ. ಆಕೃತಿ ಡೊಂಕ ತಗದ್ರ ಬರತೈತಿ."

"ಹಂಗಾದ್ರ ಡೊಂಕನ ತಗಿ. ನೆಟ್ಟಗ ತಗದು ಹುಡುಗೀನ ಮನ್ಯಾಗ ಇಟಗೊಳ್ಳೂದೇನು?"

ಅತ್ತೆಗೆ ನಾವು ಮಾತಾಡಿದ್ದರ ಅರ್ಧ ಕೇಳಿಸಿತ್ತು. "ಮೂವತ್ತು ವರ್ಷ ಸಾಲಿ ಕಲಿಸಿದವರ ಲೆಕ್ಕ ತಪ್ಪಾಗತೈತೇನವಾ? ನಿನ್ನ ಕಣ್ಣು ತಪ್ಪಿರಬೇಕು. ಮೊನ್ನೆ ಅಕ್ಕಿಯೊಳಗಿನ ಹರಳೂ ನಿನಗ ಕಾಣಲಿಲ್ಲ." ಹರಳು ಕಾಣದಿದ್ದದ್ದು ನಿಜ.

ಮರುದಿನದಿಂದ ಪಾಠ ಶುರುವಾಯಿತು. ಸಾಧನೆ ಕಲಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಭಾಗಗಳನ್ನೂ ರತ್ನಮಾಲಾ ಬಸದಿಯ ಪೂಜೆಯ ಪಾಠದ ಧಾಟಿಯಲ್ಲಿ ಕೂರಿಸಿಕೊಂಡಳು. ಅಪ ಮತ್ತು ಅನ ಸಮ ಎನ್ನುವಾಗ ದನಿ ಏರಿಸುತ್ತಿದ್ದಳು, ಕಾರಣ ಹೇಳುವಾಗ ಇಳಿಸುತ್ತಿದ್ದಳು. ಒಂದಕ್ಷರದ ಅರ್ಥವೂ ಅವಳಿಗೆ ಆಗಿರಲಿಲ್ಲ, ಒಂದಕ್ಷರವೂ ತಪ್ಪುತ್ತಿರಲಿಲ್ಲ. ಕೇಳುತ್ತ ಕುಳಿತ ಅತ್ತೆ ಕೊನೆಯಲ್ಲಿ ಒಮ್ಮೊಮ್ಮೆ ಕೈ ಮುಗಿಯುತ್ತಿದ್ದರು.

ಕಷ್ಟವಾದದ್ದು ಆಕೃತಿ. ಅನಗೋಳದಲ್ಲಿ ರತ್ನಮಾಲಾಳಂತೆ ರಂಗೋಲಿ ಹಾಕುವವರು ಇನ್ನೊಬ್ಬರಿರಲಿಲ್ಲ. ಚುಕ್ಕೆ ಇಡದೆ, ದಾರ ಹಿಡಿಯದೆ, ಬರೀ ಗೇಣು ಹಾಕಿ ಎಂಟೆಸಳಿನ ಕಮಲ ತೆಗೆದರೆ ಎಸಳಿಗೂ ಎಸಳಿಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಅಂಥ ಕೈಗೆ ಈಗ ಡೊಂಕು ಕಲಿಸಬೇಕಾಗಿತ್ತು.

"ಇಲ್ಲೆ ಸ್ವಲ್ಪ ಎಡಕ್ಕ ಒತ್ತು."

"ಯಾಕ ವೈನಿ? ನಡು ಇಲ್ಲೈತಲ್ಲ."

"ಇರಲಿ. ಒತ್ತು."

"ಒತ್ತಿದ್ರ ಡೊಂಕ ಆಗತೈತ್ರಿ. ನೋಡಾಕ ಬರಂಗಿಲ್ಲ."

ನಿಜವಾದ ಕಾರಣ ಹೇಳಲು ನನಗೆ ಧೈರ್ಯವಿರಲಿಲ್ಲ. ಹೇಳಿದರೆ ಆ ದಿನ ಅವಳು ಹೆದರಿ ನಡುಗಬಹುದು, ಇಲ್ಲವೆ ಎಲ್ಲರೆದುರು ಬಾಯಿ ಬಿಡಬಹುದು. ಕೊನೆಗೆ "ಮಾಸ್ತರಿಗೆ ಹಿಂಗ ಬೇಕಂತ" ಎಂದೆ. ಅಷ್ಟು ಹೇಳಿದ್ದೇ ತಡ, ಅವಳು ತಲೆಯಾಡಿಸಿ ಡೊಂಕು ಅಭ್ಯಾಸ ಮಾಡತೊಡಗಿದಳು. ಅತ್ತೆಮನೆಗೆ ಹೋಗುವ ಹುಡುಗಿಗೆ ಆ ಕಾರಣ ಹೊಸದಾಗಿರಲಿಲ್ಲ. ಕಾಗದ, ಪೆನ್ಸಿಲು ಅವಳಿಗೆ ರೂಢಿಯಿಲ್ಲದ ವಸ್ತುಗಳಾದ್ದರಿಂದ ಅದರಲ್ಲಿ ಕೈ ಕೆಡಿಸುವುದು ಕೊನೆಗೂ ಸಾಧ್ಯವಾಯಿತು. ನೋಡಲು ಬರುವ ಹೊತ್ತಿಗೆ ಮ ಬಿಂದು ಪ್ರತಿ ಸಲವೂ ಒಳಗೇ ಬೀಳುತ್ತಿತ್ತು.

ಅದು ಎಪ್ಪತ್ತಾರರ ಡಿಸೆಂಬರು. ಹೊತ್ತು ಬೇಗ ಮುಳುಗುವ ಕಾಲ. ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಏನೂ ತಿನ್ನುವುದಿಲ್ಲ. ಹೆಣ್ಣು ನೋಡಲು ಬಂದವರು ಫಳಾರ ಮುಟ್ಟದೆ ಹೋದರೆ ಅದನ್ನು ಬೇರೆ ಹೇಳಬೇಕಾಗಿಯೇ ಇಲ್ಲ, ಸಂಬಂಧ ಬೇಡ ಎಂದೇ ಲೆಕ್ಕ. ಆದ್ದರಿಂದ ನಾಲ್ಕಕ್ಕೆ ಬನ್ನಿ ಎಂದು ಹೇಳಿ ಕಳಿಸಿದ್ದೆವು. ಟಾಂಗಾ ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದು, ಗೂಡ್ಸ್ ಗಾಡಿ ಹಿಂದೆ ಮುಂದೆ ಸರಿದಾಡಿ, ಅವರು ನಮ್ಮ ಮನೆ ಮುಟ್ಟುವಾಗ ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಕಿಟಕಿಯ ಮಟ್ಟ ದಾಟಿ ಏರಿತ್ತು. ಅದು ಸೂರಿನವರೆಗೆ ಹೋದರೆ ಮುಗಿಯಿತು. ಅತ್ತೆ ಮಾತಾಡುವುದು ಅತಿಥಿಗಳ ಜೊತೆ, ಕಣ್ಣು ಮಾತ್ರ ಆ ಗೋಡೆಯ ಮೇಲೆ.

ಪದ್ಮಾಕರ ಮಾಸ್ತರರು ಮುಚ್ಚುಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಛತ್ರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದರು. ಅವರ ಪಕ್ಕದಲ್ಲಿ ಭರಮಣ್ಣ, ಆಚೆಗೆ ರಾಯಪ್ಪಣ್ಣ.

"ಮೊದಲ ಫಳಾರ ಮಾಡೂಣ್ರಿ, ಹೊತ್ತು ಬಾಳ ಆಗೇತಿ" ಎಂದರು ಅತ್ತೆ.

"ಮೊದಲ ಲೆಕ್ಕ, ಆಮ್ಯಾಲ ಫಳಾರ" ಎಂದರು ಮಾಸ್ತರರು. "ಹೊಟ್ಟಿ ತುಂಬಿದವರು ಗುಣ ಸಡಲ ಬಿಡತಾರು."

ರತ್ನಮಾಲಾ ಬಂದು ಕೈಮುಗಿದು ಕುಳಿತಳು. ನಾನು ಮೊದಲೇ ಜೋಡಿಸಿಟ್ಟ ಕಾಗದ, ಪೆನ್ಸಿಲು, ಒತ್ತಿಗೆ ಒಂದು ಹಲಗೆಯನ್ನು ಅವಳ ಮುಂದೆ ಇಟ್ಟೆ. ಮಾಸ್ತರರು ಅದನ್ನು ನೋಡಿ ಕೈಯಾಡಿಸಿದರು.

"ಕಾಗದ ಯಾಕ್ರಿ? ನಾಕು ಮಂದಿಗೆ ಕಾಣಬೇಕು. ಇಷ್ಟು ಛಲೋ ಫರ್ಶಿ ಐತಿ." ಕೋಟಿನ ಕಿಸೆಯಿಂದ ಒಂದು ಸೀಮೆಸುಣ್ಣದ ತುಂಡು ತೆಗೆದು ಕೊಟ್ಟರು. "ನೆಲದ ಮ್ಯಾಲ ತಗಿಯವಾ."

ಬಾಗಿಲ ಹತ್ತಿರ ನಿಂತು ಅವಳ ಕಣ್ಣಿಗೆ ಕಣ್ಣು ಕೊಡಲು ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿ, ಕುಕ್ಕರಗಾಲಿನಲ್ಲಿ ಕುಳಿತು, ಫರ್ಶಿಯ ಮೇಲೆ ಅಂಗೈಯಿಂದ ಒಮ್ಮೆ ಸವರಿದಳು. ದಿನಾ ಬೆಳಗ್ಗೆ ಬಾಗಿಲ ಮುಂದೆ ಹಾಗೆಯೇ ಸವರುತ್ತಿದ್ದಳು.

ಮಾಸ್ತರರು ಲೆಕ್ಕ ಹೇಳಿದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು. "ಎಡ ಬಲ ಸಮ ಕಾಣಸಬಾರದು. ಕಣ್ಣಿಗೇ ಸಮ ಕಂಡ್ರ ಮತ್ತ ಸಾಧಿಸೂದೇನು ಬಂತು?"

ಅವಳು ಎಡ ಬಾಹುವನ್ನು ಸ್ಪಷ್ಟವಾಗಿ ಉದ್ದ ತೆಗೆದಳು. ಗೇಣು ಹಾಕಿ ತಳದ ನಡು ಹಿಡಿದಳು. ಅಲ್ಲಿಂದ ನೆಟ್ಟಗೆ ಮೇಲೊಂದು, ಕೆಳಗೊಂದು ಗೆರೆ ಎಳೆದಳು. ಅ ಕೋನವನ್ನು ಕಮಲದ ಎಸಳು ಸೀಳುವ ಹಾಗೆ ಸೀಳಿದಳು. ಆ ಗೆರೆ ಇಳಿಯುತ್ತ ತಳ ಮುಟ್ಟಿತು, ತಳ ದಾಟಿತು, ರಾಯಪ್ಪಣ್ಣನ ಪಾದದ ಕಡೆಗೆ ನಡೆಯಿತು.

"ಕಾಕಾ, ಸ್ವಲ್ಪ ಕಾಲ ಸರಸ್ರಿ" ಎಂದಳು.

ರಾಯಪ್ಪಣ್ಣ ಕಾಲು ಎತ್ತಿದರು. ಅವರ ಹೆಬ್ಬೆರಳಿದ್ದ ಜಾಗದಲ್ಲಿ ಮ ಬಿಂದು ಬಿತ್ತು.

"ಇದೇನವಾ?" ಎಂದರು ಮಾಸ್ತರರು.

"ಬಿಂದು ಹೊರಗ ಬಿದ್ದೈತ್ರಿ" ಎಂದಳು ರತ್ನಮಾಲಾ. ಆಗ ಅವಳಿಗೆ ಕಲಿತದ್ದು ನೆನಪಾಯಿತೆಂದು ಕಾಣುತ್ತದೆ. ಮುಖ ಬಿಳಿಚಿತು. ನನ್ನ ಕಡೆ ನೋಡಿದಳು. ನಾನು ತುಟಿಯಲ್ಲೇ "ಹೇಳು" ಎಂದೆ. ಅವಳು ಕಣ್ಣು ಅರೆ ಮುಚ್ಚಿ, ಪೂಜೆಯ ಧಾಟಿಯಲ್ಲಿ, ದತ್ತದಿಂದ ಹಿಡಿದು ಕೊನೆಯ ಸಾಲಿನವರೆಗೆ ಉಸಿರು ಕಟ್ಟಿ ಹೇಳಿ ಮುಗಿಸಿದಳು. ಒಂದು ಕಾರಣವನ್ನೂ ಬಿಡಲಿಲ್ಲ. ಅವಳ ಬೆರಳು ತೋರಿಸುತ್ತಿದ್ದ ಆಕೃತಿಗೂ ಬಾಯಿ ಹೇಳುತ್ತಿದ್ದ ಮಾತಿಗೂ ಕೊನೆಯ ಸಾಲಿನಲ್ಲಿ ಯಾವ ಸಂಬಂಧವೂ ಉಳಿದಿರಲಿಲ್ಲ.

ಮಾಸ್ತರರು ತಲೆಯಾಡಿಸುತ್ತ ಕೇಳಿದ್ದರು. ಪ್ರತಿ ಹೆಜ್ಜೆಗೂ ಛತ್ರಿಯ ತುದಿಯಿಂದ ನೆಲ ಕುಟ್ಟಿದ್ದರು. "ಸಾಧನೆ ಬರೋಬ್ಬರಿ ಐತಿ. ಹಂಗ ಅಂದ್ರ ಹಂಗ, ನಾ ಮಾಡಿದಂಗ ಐತಿ" ಎಂದರು. ಅವರ ದನಿ ಸ್ವಲ್ಪ ಒದ್ದೆಯಾಗಿತ್ತು. ಅದನ್ನು ಬೇರೆಯವರ ಬಾಯಿಂದ ಕೇಳಿದ್ದು ಅವರಿಗೆ ಅದೇ ಮೊದಲಾಗಿರಬೇಕು. "ಆದ್ರ ಆಕೃತಿ ಯಾಕ ಹಿಂಗ? ಅಳಿಸಿ ಇನ್ನೊಮ್ಮೆ ತಗಿ."

ಅವಳು ಅಳಿಸಿ ಮತ್ತೆ ತೆಗೆದಳು. ಈ ಸಲ ಇನ್ನೂ ದೊಡ್ಡದಾಗಿ, ಇನ್ನೂ ಜೋಪಾನವಾಗಿ. ಜೋಪಾನ ಮಾಡಿದಷ್ಟೂ ಬಿಂದು ಹೊರಗೇ ಹೋಯಿತು. ಎದುರು ಗೋಡೆಯ ಬಿಸಿಲು ಸೂರಿನ ಕೆಳಗೆ ಒಂದು ಮೊಳ ಉಳಿದಿತ್ತು. ಒಳಗೆ ಉಪ್ಪಿಟ್ಟು ಆರುತ್ತಿತ್ತು.

ಮಾಸ್ತರರು ತಾವೇ ಎದ್ದು, ಮೊಣಕಾಲೂರಿ, ಸೀಮೆಸುಣ್ಣ ಇಸಿದುಕೊಂಡು, ಮೂವತ್ತು ವರ್ಷದ ರೂಢಿಯ ಕೈಯಿಂದ ಪಟಪಟನೆ ಒಂದು ಆಕೃತಿ ಗೀಚಿದರು. ಮ ಬಿಂದು ಒಳಗೆ, ಹೊಕ್ಕುಳಿನ ಹಾಗೆ ಕುಳಿತಿತು. "ಹಿಂಗ!"

ರತ್ನಮಾಲಾ ಬಾಗಿ ನೋಡಿದಳು. "ಇದು ಡೊಂಕ ಐತ್ರಿ" ಎಂದಳು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಗಂಡ ಕ್ಯಾಲೆಂಡರು ನೋಡತೊಡಗಿದರು. ಭರಮಣ್ಣ ಮಾತ್ರ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ರತ್ನಮಾಲಾಳಿಗೂ ಗೊತ್ತಾಗಿರಬೇಕು, ತಲೆ ಇನ್ನಷ್ಟು ತಗ್ಗಿಸಿದಳು.

ಮಾಸ್ತರರು ತಮ್ಮ ಆಕೃತಿಯನ್ನು ನೋಡಿದರು, ಅವಳದನ್ನು ನೋಡಿದರು. ಗೇಣು ಹಾಕಿ ಅವಳ ತಳದ ನಡುವನ್ನು ಅಳೆದರು. ಇನ್ನೊಮ್ಮೆ ಅಳೆದರು. ಆಮೇಲೆ ತಿರುಗಿ ನನ್ನ ಕಡೆ ನೋಡಿದರು.

"ನೀವು ಬಿ.ಎಸ್ಸಿ. ಅಂತಲ್ಲ? ಗಣಿತ?"

"ಹೌದ್ರಿ."

"ಹಂಗಾದ್ರ ನೀವ ಹೇಳ್ರಿ. ಬಿಂದು ಒಳಗೋ, ಹೊರಗೋ?"

ಅತ್ತೆ ನನ್ನನ್ನು ನೋಡಿದರು, ಗಂಡ ನೋಡಿದರು. ರತ್ನಮಾಲಾ ನೋಡಲಿಲ್ಲ, ಅವಳ ಕೈಯಲ್ಲಿ ಸೀಮೆಸುಣ್ಣ ಪುಡಿಯಾಗುತ್ತಿತ್ತು. ಹೊರಗೆ ಎಂದರೆ ಮಾಸ್ತರರ ಸ್ವಂತ ಲೆಕ್ಕ ಅವರ ತಮ್ಮನ ಮಗನ ಎದುರಿಗೇ ಸುಳ್ಳಾಗುತ್ತದೆ, ಅವರು ಎದ್ದು ಟಾಂಗಾ ಹತ್ತುತ್ತಾರೆ. ಒಳಗೆ ಎಂದರೆ ರತ್ನಮಾಲಾಳ ಕೈ ಸುಳ್ಳಾಗುತ್ತದೆ. ಅವಳಿಗೆ ಇದ್ದದ್ದು ಆ ಕೈಯೊಂದೇ.

"ಸಾಧನೆಗೆ ಕಚ್ಚಾ ಆಕೃತಿ ಸಾಕಲ್ರೀ ಮಾಸ್ತರ" ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಮಾಸ್ತರರು ನನ್ನನ್ನು ಒಂದು ಗ್ರಾಸ ನುಂಗುವಷ್ಟು ಹೊತ್ತು ನೋಡಿದರು. ಆಮೇಲೆ ಮುಖ ಅರಳಿಸಿಕೊಂಡು ಎದ್ದು ಕೋಟಿನ ಸುಣ್ಣ ಕೊಡವಿಕೊಂಡರು.

"ಕೇಳಿದ್ರಿಲ್ಲೋ? ಕಲ್ತವರು ಅಂದ್ರ ಹಿಂಗಿರಬೇಕು. ಸಾಧನೆ ಮುಖ್ಯ, ಆಕೃತಿ ಅಲ್ಲ. ಸಾಧನೆಗೆ ಪೂರ್ತಿ ಗುಣ. ಆಕೃತಿ ತಪ್ಪಿದ್ದಕ್ಕ ಒಂದು ಕಡಿಮಿ. ಹತ್ತಕ್ಕ ಒಂಬತ್ತು. ಹುಡುಗಿ ಪಾಸು." ಅತ್ತೆಯ ಕಡೆ ತಿರುಗಿದರು. "ತರ್ರಿ ಫಳಾರ. ಹೊತ್ತು ಮುಳಗತೈತಿ."

ಆ ಇಡೀ ನೆಲದ ಮೇಲೆ ಸರಿಯಾಗಿದ್ದದ್ದು ಅವಳ ಆಕೃತಿಯೊಂದೇ. ಗುಣ ಕಳೆದದ್ದು ಅದಕ್ಕೆ.

ಅವರು ಆರಿದ ಉಪ್ಪಿಟ್ಟು ತಿಂದರು, ಶಿರಾ ತಿಂದರು. ಕೊನೆಯ ಗುಟುಕು ಚಹಾ ಕುಡಿದು ಬಟ್ಟಲು ಕೆಳಗಿಡುವಾಗ ಗೋಡೆಯ ಬಿಸಿಲು ಸೂರು ಸೇರಿತು. ಹೊರಡುವಾಗ ಭರಮಣ್ಣ ಫರ್ಶಿಯ ಮೇಲಿನ ಎರಡು ತ್ರಿಕೋನಗಳ ಹತ್ತಿರ ನಿಂತ. ದೊಡ್ಡಪ್ಪನದನ್ನು ತುಳಿದುಕೊಂಡು, ರತ್ನಮಾಲಾಳದನ್ನು ಸುತ್ತು ಹಾಕಿ ಹೋದ.

ಬೇಸಿಗೆಯಲ್ಲಿ ಮದುವೆಯಾಯಿತು. ಮದುವೆಯಲ್ಲಿ ನಮ್ಮ ಕಡೆಯವರೆಲ್ಲ "ಹತ್ತಕ್ಕ ಒಂಬತ್ತು" ಎಂದು ಹೇಳಿಕೊಂಡು ತಿರುಗಿದರು. ಬಸದಿಯಲ್ಲಿ ಸುದ್ದಿ ಹಬ್ಬಿ, ಹೆಣ್ಣುಮಕ್ಕಳ ತಾಯಂದಿರು ನನ್ನ ಹತ್ತಿರ ಪಾಠಕ್ಕೆ ಕಳಿಸಲು ಕೇಳತೊಡಗಿದರು. "ನಮ್ಮ ಸೊಸಿ ಕೈಯಾಗ ಕಲ್ತ್ರ ಪಾಸ್ ಆಗೂದು ಗ್ಯಾರಂಟಿ" ಎಂದು ಅತ್ತೆ ಎಲ್ಲರಿಗೂ ಮಾತು ಕೊಟ್ಟರು. ಅಕ್ಕಿಯ ಹರಳಿನ ಮಾತು ಅಲ್ಲಿಗೆ ನಿಂತಿತು. ರಾಜಮತಿಗೂ ನಿಪ್ಪಾಣಿ ಕಡೆಯ ಒಂದು ಮನೆಯಲ್ಲಿ ಮದುವೆಯಾಯಿತು. ಅಲ್ಲಿ ಹಾಡು ಹೇಳಿಸಿದರಂತೆ.

ಎಂಬತ್ಮೂರರಲ್ಲಿ ರತ್ನಮಾಲಾಳ ಎರಡನೇ ಕೂಸಿಗೆ ಹೆಸರಿಡುವುದಿತ್ತು. ನಾನು ಹಿಂದಿನ ದಿನವೇ ಖಾನಾಪುರಕ್ಕೆ ಹೋದೆ. ಅವಳು ಮೈ ತುಂಬಿಕೊಂಡಿದ್ದಳು. ಮಾತೂ ತುಂಬಿತ್ತು. ತೊಟ್ಟಿಲು ತೂಗುತ್ತ ಮೈದುನನಿಗೆ ಹೆಣ್ಣು ನೋಡಲು ಹೋದ ಕಥೆ ಹೇಳಿದಳು.

"ದೊಡ್ಡಮಾವಾರು ಅಲ್ಲೂ ಅದ ಲೆಕ್ಕ ಕೊಟ್ರು ವೈನಿ. ಆದ್ರ ಈಗ ಒಂದು ಮಾತು ಹೆಚ್ಚಿಗಿ ಸೇರಿಸ್ಯಾರ. 'ಬಿಂದು ತ್ರಿಕೋನದ ಒಳಗ ಐತಿ ಅಂತ ತಿಳಕೋ' ಅಂತ ಮೊದಲ ಹೇಳತಾರ. ನನಗ್ಯಾಕ ಹೇಳಲಿಲ್ಲ?"

ಆ ಒಂದು ಮಾತು ಸೇರಿಸಿದರೆ ಲೆಕ್ಕದಲ್ಲಿ ಯಾರೂ ತಪ್ಪು ಹುಡುಕಲಾರರು. ಬಿಂದು ಒಳಗೆ ಬೀಳಬೇಕಾದರೆ ಎರಡು ಬಾಹುಗಳು ಮೊದಲೇ ಸಮವಾಗಿರಬೇಕು. ಸಮವಾಗಿರುವುದನ್ನು ತಂದುಕೊಟ್ಟು ಸಮ ಎಂದು ಸಾಧಿಸಲು ಹೇಳಿದ ಹಾಗೆ. ಮಾಸ್ತರರು ಕಂಪಾಸು ಹಿಡಿದಿದ್ದರು ಎಂಬುದು ಖಾತ್ರಿಯಾಯಿತು. ಯಾವಾಗ, ಎಷ್ಟು ಸಲ, ಯಾರಿಗೂ ಕಾಣದ ಹಾಗೆ ಎಲ್ಲಿ ಕುಳಿತು ಎಂದು ನಾನು ಕೇಳುವಂತಿರಲಿಲ್ಲ.

ಮರುದಿನ ಬೆಳಗ್ಗೆ ಹೊರಗೆ ಬಂದು ನೋಡಿದರೆ ಬಾಗಿಲ ಮುಂದೆ ದೊಡ್ಡ ರಂಗೋಲಿ. ನಾಲ್ಕು ದಿಕ್ಕಿಗೂ ಒಂದೊಂದು ತ್ರಿಕೋನ, ಪ್ರತಿಯೊಂದರ ಹೊರಗೂ ಒಂದು ಬಿಂದು, ಆ ಬಿಂದುಗಳನ್ನು ಕೂಡಿಸಿ ನಡುವೆ ಕಮಲ.

"ಇದನ್ನೆಲ್ಲಿ ಕಲ್ತಿ?" ಎಂದೆ, ಗಾಬರಿಯಿಂದ.

"ನೀವ ಕಲಿಸಿದ್ದಲ್ಲೇನ್ರಿ ವೈನಿ? ನೆಟ್ಟಗ ತಗದ್ರ ಛಲೋ ಕಾಣತೈತಿ. ಹಬ್ಬ ಹುಣ್ಣಿವಿಗೆ ಇದನ್ನ ಹಾಕತೇನಿ."

ಅಷ್ಟರಲ್ಲಿ ಮಾಸ್ತರರು ಬಸದಿಗೆ ಹೋಗಲು ಛತ್ರಿ ಹಿಡಿದು ಬಂದರು. ಹೊಸ್ತಿಲಲ್ಲಿ ನಿಂತು ರಂಗೋಲಿ ನೋಡಿದರು. ಗೋಡೆಗೆ ಮೈ ತಾಗಿಸಿ, ಪಾದ ಅಡ್ಡ ಮಾಡಿ, ಬಹಳ ರೂಢಿಯಾದವರ ಹಾಗೆ ಸುತ್ತು ಹಾಕಿ ದಾಟಿದರು.

"ಆಕೃತಿ ಛಲೋ ಬಂದೈತಿ" ಎಂದರು.

"ಹಂಗಾದ್ರ ನಂದು ಆ ಒಂದು ಗುಣ ಕೊಡ್ರಿ ಮಾವಾರ" ಎಂದಳು ರತ್ನಮಾಲಾ, ಸೊಂಟಕ್ಕೆ ಕೈ ಕೊಟ್ಟು. "ಏಳು ವರ್ಷ ಆತು. ನಿಮ್ಮ ಮಗ ಜಗಳಾಡಿದಾಗೊಮ್ಮೆ 'ಒಂದು ಗುಣ ಕಡಿಮಿ' ಅಂತಾನ."

ಮಾಸ್ತರರು ಅವಳ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಅಂದು ನಮ್ಮ ಪಡಸಾಲೆಯಲ್ಲಿ ನೋಡಿದ ಹಾಗೆಯೇ, ಒಂದು ಗ್ರಾಸ ನುಂಗುವಷ್ಟು ಹೊತ್ತು.

"ಕಚ್ಚಾ ಆಕೃತಿ ಸಾಕು ಅಂದವರು ನಿಮ್ಮ ವೈನಿ" ಎಂದರು. "ಗುಣ ಅವರ ಹಂತ್ಯಾಕ ಕೇಳು."

ರತ್ನಮಾಲಾ ನನ್ನ ಕಡೆ ತಿರುಗಿದಳು. ಒಳಗೆ ಕೂಸು ಅಳತೊಡಗಿತ್ತು. ಅದಕ್ಕೆ ನಾನು ಬಹಳ ಕೃತಜ್ಞಳಾದೆ.

"ಕೂಸು ಎದ್ದೈತಿ ನೋಡು" ಎಂದು ಹೇಳಿ, ರಂಗೋಲಿಯನ್ನು ಸುತ್ತು ಹಾಕಿ ಒಳಗೆ ಹೋದೆ.